ತಾಯಿಗೆ ತಿಳಿಯುವ ಮಾತಿನಲ್ಲಿ ವೈದ್ಯ ಹೇಳಿದವರು: ಡಾ. ಅನುಪಮಾ ನಿರಂಜನ

ರಾತ್ರಿ ಹತ್ತು ಗಂಟೆಗೆ ಮಗುವಿಗೆ ಭೇದಿ ಶುರುವಾದರೆ ಮೊದಲ ವೈದ್ಯರು ಯಾರು? ಕಡೂರಿನ ಬಯಲಿನ ಹಳ್ಳಿಯಾಗಲಿ, ತರೀಕೆರೆಯ ಅಡಿಕೆ ತೋಟದ ನಡುವಿನ ಮನೆಯಾಗಲಿ, ಅಜ್ಜಂಪುರದ ಈರುಳ್ಳಿ ಹೊಲದ ಪಕ್ಕದ ಮನೆಯಾಗಲಿ, ಉತ್ತರ ಒಂದೇ. ಆ ಮನೆಯ ತಾಯಿ ಮತ್ತು ಆಕೆಯ ಪಕ್ಕದಲ್ಲಿ ಕುಳಿತ ಅಜ್ಜಿ. ಹಾಲು ಕೊಡಬೇಕೋ ಬೇಡವೋ, ನೀರು ಕುಡಿಸಬೇಕೋ ಬಿಡಬೇಕೋ, ಬೆಳಗಾಗುವವರೆಗೆ ಕಾಯಬಹುದೋ ಈಗಲೇ ಆಟೋ ಕರೆಸಬೇಕೋ ಎಂಬ ತೀರ್ಮಾನಗಳೆಲ್ಲ ಮನೆಯೊಳಗೇ ಆಗುತ್ತವೆ. ಡಾಕ್ಟರ ಮುಖ ನೋಡುವುದು ಆಮೇಲೆ.

ಆ ತೀರ್ಮಾನ ಸರಿಯಾದರೆ ಮಗು ಉಳಿಯುತ್ತದೆ, ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತದೆ. ಹಾಗಾದರೆ ಆ ತಾಯಿಗೆ ತಿಳಿವಳಿಕೆ ಕೊಡುವವರು ಯಾರು, ಯಾವ ಭಾಷೆಯಲ್ಲಿ? ಈ ಪ್ರಶ್ನೆಗೆ ತಮ್ಮ ಬದುಕಿನ ಬಹುಭಾಗವನ್ನು ಉತ್ತರವಾಗಿ ಕೊಟ್ಟ ಒಬ್ಬ ಹೆಣ್ಣುಮಗಳು ನಮ್ಮ ನೆರೆಯ ಮಲೆನಾಡಿನವರು. ಅವರೇ ಡಾ. ಅನುಪಮಾ ನಿರಂಜನ.

ತೀರ್ಥಹಳ್ಳಿಯಿಂದ ಮೈಸೂರಿಗೆ

ಅನುಪಮಾ ಹುಟ್ಟಿದ್ದು 1934ರಲ್ಲಿ, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ತುಂಗಾ ತೀರದ ಆ ಊರಿನ ಕಡೆಯವರು ಮೈಸೂರಿಗೆ ಹೊರಟರೆ ಶಿವಮೊಗ್ಗದಲ್ಲಿ ರೈಲು ಹತ್ತಿ ತರೀಕೆರೆ, ಬೀರೂರು, ಕಡೂರುಗಳನ್ನು ದಾಟಿಕೊಂಡೇ ಹೋಗಬೇಕಾಗಿದ್ದ ಕಾಲ ಅದು. ಹಸಿರು ಮಲೆನಾಡು ಹಿಂದೆ ಸರಿದು, ರಾಗಿ ಹೊಲ, ತೆಂಗಿನ ತೋಟ, ಬತ್ತಿದ ಕೆರೆಗಳ ಬಯಲುಸೀಮೆ ಶುರುವಾಗುವುದು ಈ ಹಾದಿಯಲ್ಲೇ.

ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯೇ ದೂರವಾಗಿದ್ದ ಆ ದಿನಗಳಲ್ಲಿ ಅವರು ವೈದ್ಯ ವಿದ್ಯೆಯನ್ನು ಆರಿಸಿಕೊಂಡು ಮೈಸೂರಿನ ವೈದ್ಯಕೀಯ ಕಾಲೇಜನ್ನು ಸೇರಿದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಈ ಕಾಲೇಜು ಹಳೆಯ ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು. ಓದು ಇಂಗ್ಲಿಷಿನಲ್ಲಿ, ರೋಗಿಗಳ ನರಳಾಟ ಕನ್ನಡದಲ್ಲಿ. ಈ ಎರಡು ಭಾಷೆಗಳ ನಡುವಿನ ಕಂದಕವನ್ನು ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಕಾಣುತ್ತಾನೆ, ದಾಟಿ ಹೋಗುತ್ತಾನೆ. ಅನುಪಮಾ ಮುಂದೆ ಆ ಕಂದಕಕ್ಕೆ ಸೇತುವೆ ಕಟ್ಟುವ ಕೆಲಸಕ್ಕೆ ಕೈಹಾಕಿದರು.

1956ರಲ್ಲಿ ಅವರು ಸಾಹಿತಿ ನಿರಂಜನರ ಕೈಹಿಡಿದರು. ನಿರಂಜನ ಎಂಬುದೂ ಕಾವ್ಯನಾಮವೇ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದ ಶಿವರಾಯರು ಅವರು. ಕಯ್ಯೂರಿನ ರೈತ ಹೋರಾಟದ ಕಥೆಯಾದ ‘ಚಿರಸ್ಮರಣೆ’ಯ ಕರ್ತೃ. ಹೀಗೆ ವೆಂಕಟಲಕ್ಷ್ಮಿ ಮತ್ತು ಶಿವರಾಯರು ಕನ್ನಡ ನಾಡಿಗೆ ಅನುಪಮಾ ಮತ್ತು ನಿರಂಜನರಾಗಿ ಪರಿಚಯವಾದರು. ತೇಜಸ್ವಿನಿ, ಸೀಮಂತಿನಿ ಎಂಬ ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಅನುಪಮಾ ಧಾರವಾಡದಲ್ಲಿಯೂ ಆಮೇಲೆ ಬೆಂಗಳೂರಿನಲ್ಲಿಯೂ ವೈದ್ಯ ವೃತ್ತಿ ನಡೆಸಿದರು. ಹಗಲು ರೋಗಿಗಳು, ಮನೆ, ಮಕ್ಕಳು. ಇವೆಲ್ಲದರ ನಡುವೆಯೇ ಬರವಣಿಗೆ.

ಆ ಕಾಲದ ಹೊಟ್ಟೆಯ ಕಥೆ

ಅವರು ವೃತ್ತಿಗೆ ಕಾಲಿಟ್ಟ ಕಾಲವನ್ನು ಇಂದಿನ ತಾಯಂದಿರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. 1971ರಲ್ಲಿಯೂ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬವನ್ನು ಕಾಣದೆ ತೀರಿಕೊಳ್ಳುತ್ತಿದ್ದವು. ಅದಕ್ಕೂ ಹಿಂದಿನ ದಶಕಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. ಎಳೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ದೊಡ್ಡ ಕಾರಣಗಳಲ್ಲಿ ವಾಂತಿಭೇದಿಯೂ ಒಂದು. ಊರ ಬಾವಿಯ ನೀರು, ತೆರೆದ ಬಯಲಿನ ಶೌಚ, ತೊಳೆಯದ ಹಾಲಿನ ಬಾಟಲಿ ಇವುಗಳಿಂದ ರೋಗಾಣು ಮಗುವಿನ ಹೊಟ್ಟೆ ಸೇರುತ್ತಿತ್ತು.

ಭೇದಿಯಾದ ಮಗು ಸಾಯುವುದು ಬಹುಮಟ್ಟಿಗೆ ಮೈಯ ನೀರು ಮತ್ತು ಲವಣ ಬರಿದಾಗುವುದರಿಂದ. ಆಗ ಇದಕ್ಕಿದ್ದ ಮದ್ದು ರಕ್ತನಾಳಕ್ಕೆ ಹನಿಹನಿಯಾಗಿ ಏರಿಸುವ ಸಲೈನ್. ಅದು ಸಿಗುತ್ತಿದ್ದುದು ಪಟ್ಟಣದ ಆಸ್ಪತ್ರೆಯಲ್ಲಿ. ಹಳ್ಳಿಯಲ್ಲಿ ಎತ್ತಿನ ಗಾಡಿ ಕಟ್ಟುವಷ್ಟರಲ್ಲಿ ಮಗುವಿನ ಕಣ್ಣು ಗುಳಿಬಿದ್ದಿರುತ್ತಿತ್ತು. ಇದರ ಮೇಲೆ ಇನ್ನೊಂದು ವಿಪತ್ತು ಮನೆಯೊಳಗೇ ಇತ್ತು. ಭೇದಿಯಾದಾಗ ಹಾಲು ನಿಲ್ಲಿಸಬೇಕು, ಅನ್ನ ನಿಲ್ಲಿಸಬೇಕು, ನೀರನ್ನೂ ಕಡಿಮೆ ಮಾಡಬೇಕು ಎಂಬ ನಂಬಿಕೆ. ಮೈಯಿಂದ ನೀರು ಹರಿದುಹೋಗುತ್ತಿರುವಾಗಲೇ ಬಾಯಿಯ ನೀರನ್ನೂ ತಪ್ಪಿಸಿದರೆ ಆ ಕಂದ ಬದುಕುವುದೆಂತು? ಹೀಗೆ ಮಾಡಿದವರಿಗೆ ಮಗುವಿನ ಮೇಲೆ ಪ್ರೀತಿಯಿಲ್ಲದೆ ಇರಲಿಲ್ಲ. ಪ್ರೀತಿ ಬೆಟ್ಟದಷ್ಟಿತ್ತು, ತಿಳಿವಳಿಕೆ ಇರಲಿಲ್ಲ, ಅಷ್ಟೆ.

ವೈದ್ಯರೊಬ್ಬರು ದಿನಕ್ಕೆ ಐವತ್ತು ತಾಯಂದಿರಿಗೆ ಬಿಡಿಸಿ ಹೇಳಬಹುದು. ಔಷಧದ ಚೀಟಿ ಒಂದು ಮನೆಗೆ ಹೋಗುತ್ತದೆ, ಕಾಯಿಲೆ ವಾಸಿಯಾದ ಮೇಲೆ ಕಳೆದೂ ಹೋಗುತ್ತದೆ. ಪುಸ್ತಕ ಹಾಗಲ್ಲ. ಅದು ನೆರೆಮನೆಗೆ ಹೋಗುತ್ತದೆ, ಮಗಳ ಬಸುರಿಗೆಂದು ತವರಿನಿಂದ ಹೊರಡುತ್ತದೆ, ಗ್ರಂಥಾಲಯದಲ್ಲಿ ಹಾಳೆ ಸವೆಯುವವರೆಗೆ ಓಡಾಡುತ್ತದೆ. ಅನುಪಮಾ ಅವರ ಬರವಣಿಗೆಯ ಒಂದು ದೊಡ್ಡ ಪಾಲು ಈ ದಾರಿಯನ್ನು ಹಿಡಿಯಿತು.

ಕನ್ನಡದಲ್ಲಿ ವೈದ್ಯ

ವೈದ್ಯರಾಗಿದ್ದು ಕನ್ನಡದಲ್ಲಿ ಬರೆದವರು ಅವರಿಗೂ ಮುಂಚೆ ಇದ್ದರು. ‘ಕೊರವಂಜಿ’ ಪತ್ರಿಕೆಯ ಡಾ. ಎಂ. ಶಿವರಾಂ ಅವರನ್ನು ಹಿರಿಯ ಓದುಗರು ಮರೆತಿರಲಾರರು. ಅನುಪಮಾ ಅವರ ವಿಶೇಷವೆಂದರೆ ಹೆಣ್ಣಿನ ಮೈಯ ಬಗ್ಗೆ, ಬಸುರಿ ಬಾಣಂತನದ ಬಗ್ಗೆ, ಎಳೆಮಗುವಿನ ಬಗ್ಗೆ, ಹೆಣ್ಣೊಬ್ಬಳು ಹೆಣ್ಣುಮಕ್ಕಳೊಡನೆ ಕುಳಿತು ಮಾತಾಡಿದಂತೆ ಬರೆದದ್ದು. ‘ತಾಯಿ ಮಗು’, ‘ಶಿಶುವೈದ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ಹರೆಯದ ಹುಡುಗಿಯರಿಗಾಗಿ ‘ಕೇಳು ಕಿಶೋರಿ’, ಹೊಸದಾಗಿ ಮದುವೆಯಾದವರಿಗೆ ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’. ಹೆಸರುಗಳನ್ನು ಓದುತ್ತಾ ಹೋದರೆ ಹೆಣ್ಣಿನ ಬಾಳಿನ ಒಂದೊಂದು ಹೊಸ್ತಿಲಿನಲ್ಲೂ ಒಂದೊಂದು ಪುಸ್ತಕವನ್ನು ಇಟ್ಟಂತೆ ಕಾಣುತ್ತದೆ. ಮನೆಯಲ್ಲಿ ಹಿರಿಯರ ಮುಂದೆ ಕೇಳಲು ನಾಚಿಕೆ, ಆಸ್ಪತ್ರೆಯಲ್ಲಿ ಕೇಳಲು ಭಯ. ಇಂಥ ಎಷ್ಟೋ ವಿಷಯಗಳಿಗೆ ಈ ಪುಸ್ತಕಗಳು ಮರೆಯಲ್ಲಿ ಓದುವ ಗೆಳತಿಯಾದವು.

ಹೊಟ್ಟೆಯ ವಿಷಯವೂ ಅಂಥದ್ದೇ. ಮಲಬದ್ಧತೆ, ಹೊಟ್ಟೆಯುಬ್ಬರ, ಮೂಲವ್ಯಾಧಿ ಇವನ್ನೆಲ್ಲ ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಸಹಿಸುತ್ತಾರೆ. ಅನುಪಮಾ ಹಾಕಿಕೊಟ್ಟ ದಾರಿಯಲ್ಲಿ, ಇಂದಿನ ವೈದ್ಯಶಾಸ್ತ್ರ ಹೇಳುವ ನಾಲ್ಕು ಮಾತುಗಳನ್ನು ಇಲ್ಲಿ ನೆನೆದರೆ ಅವರ ಸ್ಮರಣೆಗೆ ಅದೇ ತಕ್ಕ ಗೌರವ.

ಬಸುರಿ ಮತ್ತು ಬಾಣಂತಿ

ಬಸುರಿನಲ್ಲಿ ಕರುಳಿನ ಚಲನೆ ನಿಧಾನವಾಗುತ್ತದೆ, ಬೆಳೆಯುವ ಗರ್ಭ ಹೊಟ್ಟೆಯನ್ನು ಒತ್ತುತ್ತದೆ. ಆದ್ದರಿಂದ ಎದೆಯುರಿ, ಮಲಬದ್ಧತೆ ಸಾಮಾನ್ಯ. ಇದರ ಜೊತೆಗೆ ರಕ್ತಹೀನತೆ ತಡೆಯಲು ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಮಲ ಗಟ್ಟಿಯಾಗಬಹುದು, ಕಪ್ಪಾಗಬಹುದು. ಕಪ್ಪು ಬಣ್ಣ ಕಂಡು ಹೆದರಿ ಮಾತ್ರೆಯನ್ನು ಬಚ್ಚಲಿಗೆ ಎಸೆಯುವ ತಾಯಂದಿರು ಇಂದಿಗೂ ಇದ್ದಾರೆ. ಇದು ತಪ್ಪು. ಬಸುರಿನಲ್ಲಿ 180 ದಿನ ಈ ಮಾತ್ರೆ ಬೇಕು. ಹೆಚ್ಚು ನೀರು, ಸೊಪ್ಪು, ಕಾಳು, ಹಣ್ಣು, ರಾಗಿಯಂಥ ನಾರಿರುವ ಆಹಾರ ತೆಗೆದುಕೊಂಡರೆ ತೊಂದರೆ ತಗ್ಗುತ್ತದೆ. ತಗ್ಗದಿದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ಹೇಳಬೇಕು, ಮಾತ್ರೆ ಬಿಡಬಾರದು. ನಮ್ಮದು ಕಾಫಿ ಜಿಲ್ಲೆ. ಆದರೆ ಕಾಫಿ, ಟೀ, ಹಾಲಿನೊಂದಿಗೆ ಈ ಮಾತ್ರೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆಯ ಅಂತರವಿರಲಿ. ಊಟದಲ್ಲಿ ಒಂದು ಹೋಳು ನಿಂಬೆ ಇದ್ದರೆ ಒಳ್ಳೆಯದು.

ಬಾಣಂತಿಯ ಪಥ್ಯದಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬಿಸಿಯಾದ ಹೊಸ ಅಡುಗೆ, ವಿಶ್ರಾಂತಿ, ಮೆಂತ್ಯ, ಬೆಳ್ಳುಳ್ಳಿ ಇವುಗಳಿಂದ ಕೇಡಿಲ್ಲ. ಆದರೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಸೊಪ್ಪು ಹಣ್ಣು ಕೊಟ್ಟರೆ ಮಗುವಿಗೆ ಶೀತ ಎಂದು ಬಾಯಿ ಕಟ್ಟುವುದು ಸರಿಯಲ್ಲ. ಹಾಲೂಡುವ ತಾಯಿಗೆ ಬಾಯಾರಿಕೆ ಹೆಚ್ಚು. ನೀರು ಮತ್ತು ನಾರು ಇಲ್ಲದಿದ್ದರೆ ಮಲಬದ್ಧತೆ, ಹೊಲಿಗೆಯ ನೋವು ಎರಡೂ ಸೇರಿ ಆಕೆಯನ್ನು ಹಣ್ಣುಮಾಡುತ್ತವೆ.

ಎಳೆಮಗುವಿನ ಹೊಟ್ಟೆ

ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ರೋಗನಿರೋಧಕ ಶಕ್ತಿ ತುಂಬಿದ ಆ ಹಾಲು ಮಗುವಿನ ಕರುಳಿಗೆ ಮೊದಲ ಲಸಿಕೆಯಿದ್ದಂತೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಬಜೆ ತೇಯ್ದು ನೆಕ್ಕಿಸುವುದು, ಜೇನು ಹಚ್ಚುವುದು, ಹರಳೆಣ್ಣೆ ಕುಡಿಸುವುದು, ಗ್ರೈಪ್ ವಾಟರ್ ಕೊಡುವುದು ಇವು ಯಾವುವೂ ಅಗತ್ಯವಿಲ್ಲ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಎದೆಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಏಳೆಂಟು ಸಲ ಮಲ ಹೊರಹಾಕಬಹುದು, ಕೆಲವು ಮಕ್ಕಳು ಮೂರ್ನಾಲ್ಕು ದಿನಕ್ಕೊಮ್ಮೆ. ಮಗು ಚೆನ್ನಾಗಿ ಹಾಲು ಕುಡಿದು, ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಎರಡೂ ಸಹಜ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿದರೆ ಹೊಟ್ಟೆಯುಬ್ಬರದ ಅಳು ಎಷ್ಟೋ ಕಡಿಮೆ.

ಆರು ತಿಂಗಳ ನಂತರ ನಮ್ಮ ಬಯಲುಸೀಮೆಯ ರಾಗಿ ಸರಿ ಒಳ್ಳೆಯ ಆಹಾರ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿ ಮಾಡಿದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ. ಅದೊಂದೇ ಸಾಲದು. ಬೇಳೆ, ಸೊಪ್ಪು, ಮೊಟ್ಟೆ, ಮೆತ್ತಗೆ ಹಿಸುಕಿದ ಹಣ್ಣು, ಒಂದು ತೊಟ್ಟು ತುಪ್ಪ ಎಲ್ಲವೂ ಕ್ರಮೇಣ ಸೇರಬೇಕು. ಬಾಟಲಿಗಿಂತ ಲೋಟ ಮತ್ತು ಚಮಚ ವಾಸಿ, ಏಕೆಂದರೆ ಅವನ್ನು ತೊಳೆಯುವುದು ಸುಲಭ.

ಜೀವ ಉಳಿಸಿದ ಉಪ್ಪು ಸಕ್ಕರೆ

ಅನುಪಮಾ ವೃತ್ತಿಯಲ್ಲಿದ್ದ ವರ್ಷಗಳಲ್ಲೇ ವೈದ್ಯಲೋಕದಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಭೇದಿಯ ಸಮಯದಲ್ಲಿಯೂ ಕರುಳು ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಆ ಸಕ್ಕರೆ ತನ್ನೊಂದಿಗೆ ಉಪ್ಪನ್ನೂ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬ ಅರಿವು 1960ರ ದಶಕದಲ್ಲಿ ಬಲವಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಯ ದ್ರಾವಣವನ್ನು ಬಾಯಿಯ ಮೂಲಕವೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಕುಡಿಸಿದವರಲ್ಲಿ ರೋಗಿಗಳ ಮನೆಯವರೇ ಹೆಚ್ಚು. ಆಸ್ಪತ್ರೆಯ ಕೈಯಲ್ಲಿದ್ದ ಮದ್ದು ಹೀಗೆ ತಾಯಿಯ ಕೈಗೆ ಬಂತು. ಇಂದು ನಾವು ಓಆರ್‌ಎಸ್ ಎನ್ನುವುದು ಅದನ್ನೇ.

ಅಂದಮೇಲೆ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳುವವರ ಬೆಲೆ ಇನ್ನೂ ಹೆಚ್ಚಾಯಿತು. ಏಕೆಂದರೆ ಈ ಮದ್ದು ಕೆಲಸ ಮಾಡುವುದು ತಾಯಿ ಅದನ್ನು ಸರಿಯಾಗಿ ಕದಡಿ, ತಾಳ್ಮೆಯಿಂದ ಕುಡಿಸಿದಾಗ ಮಾತ್ರ. ದೊಡ್ಡ ಪೊಟ್ಟಣವಾದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕುಡಿಯುವ ನೀರಿಗೆ ಹಾಕಬೇಕು. ಅರ್ಧರ್ಧ ಹಾಕಬಾರದು. 24 ಗಂಟೆಯ ಬಳಿಕ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಎದೆಹಾಲು ನಿಲ್ಲಿಸಬಾರದು, ಅನ್ನ ಬಿಡಿಸಬಾರದು. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಉಚ್ಚೆ ನಿಲ್ಲುವುದು, ಮಂಕಾಗಿ ಮಲಗುವುದು, ಏನನ್ನೂ ಕುಡಿಯದಿರುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಲ್ಲು ಬರುವಾಗ ಭೇದಿ ಸಹಜವೆಂದು ಸುಮ್ಮನಿರಬಾರದು.

ನೋವಿನ ನಡುವೆಯೂ ಬರಹ

ಅನುಪಮಾ ಅವರ ಸ್ವಂತ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. 1971ರಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ವೈದ್ಯೆಯ ಮನೆಯೊಳಗೇ ರೋಗ ಬಂದು ಕುಳಿತಂತಾಯಿತು. ಆದರೂ ಆ ಮನೆಯ ಕೆಲಸ ನಿಲ್ಲಲಿಲ್ಲ. ನಿರಂಜನರು ‘ಜ್ಞಾನ ಗಂಗೋತ್ರಿ’, ‘ವಿಶ್ವಕಥಾಕೋಶ’ಗಳಂಥ ದೊಡ್ಡ ಸಂಪುಟಗಳ ಸಂಪಾದಕತ್ವವನ್ನು ನಡೆಸಿದರು. ಅನುಪಮಾ ಅವರ ಲೇಖನಿಯೂ ಓಡುತ್ತಲೇ ಇತ್ತು. ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಹೇಳಲು ವರ್ಷದ ಪ್ರತಿದಿನಕ್ಕೂ ಒಂದರಂತೆ ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’ ಬರೆದರು. ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಮಗುವಿನ ಹೊಟ್ಟೆಯ ಕಾಳಜಿ ಮಾಡಿದವರು ಮಗುವಿನ ಮನಸ್ಸಿಗೂ ಉಣಬಡಿಸಿದರು.

ಕಾದಂಬರಿಗಳಲ್ಲಿಯೂ ಅವರ ಕಣ್ಣು ಹೆಣ್ಣಿನ ಪಾಡಿನ ಮೇಲೆಯೇ. ‘ಮಾಧವಿ’ಯಲ್ಲಿ ಮಹಾಭಾರತದ ಯಯಾತಿಯ ಮಗಳ ಕಥೆಯನ್ನು ಎತ್ತಿಕೊಂಡರು. ಕುದುರೆಗಳಿಗಾಗಿ ಒಬ್ಬ ರಾಜನಿಂದ ಇನ್ನೊಬ್ಬ ರಾಜನ ಕೈಗೆ ದಾಟಿ, ಹೆತ್ತ ಮಕ್ಕಳನ್ನು ಬಿಟ್ಟು ನಡೆಯಬೇಕಾದ ತಾಯಿ ಆಕೆ. ಅವರ ಇನ್ನೊಂದು ಕಾದಂಬರಿಯನ್ನು ಆಧರಿಸಿ 1984ರಲ್ಲಿ ಪುಟ್ಟಣ್ಣ ಕಣಗಾಲರು ‘ಋಣಮುಕ್ತಳು’ ಚಿತ್ರ ಮಾಡಿದರು. ವೈದ್ಯೆಯಾಗಿ ಮೈಯ ನೋವು ಕಂಡವರು ಲೇಖಕಿಯಾಗಿ ಅದರ ಹಿಂದಿನ ಬಡತನ, ಅವಮಾನ, ಮೌನಗಳನ್ನು ಕಂಡರು. ಮನೆಯಲ್ಲಿ ಕೊನೆಗೆ ಉಣ್ಣುವ ಹೆಂಗಸಿಗೆ ಪೌಷ್ಟಿಕ ಆಹಾರದ ಪಾಠ ಹೇಳಿದರಷ್ಟೇ ಸಾಲದು, ಆಕೆಯ ಬಟ್ಟಲಿಗೆ ಪಾಲು ಬರಬೇಕು ಎಂಬುದು ಅಂಥ ಕಣ್ಣಿಗೆ ಮಾತ್ರ ಕಾಣುವ ಸತ್ಯ.

ಕೊನೆಗೆ ಕ್ಯಾನ್ಸರ್ ಅವರನ್ನೇ ಹಿಡಿಯಿತು. ತಮ್ಮ ಬಾಳಿನ ಬೆಳಕು ಕತ್ತಲೆಗಳನ್ನು ‘ನೆನಪು: ಸಿಹಿ-ಕಹಿ’ ಎಂಬ ಆತ್ಮಕಥೆಯಲ್ಲಿ ಬಿಟ್ಟುಹೋದ ಅವರು 1991ರ ಫೆಬ್ರವರಿಯಲ್ಲಿ, ಅರವತ್ತು ತುಂಬುವ ಮೊದಲೇ, ತೀರಿಕೊಂಡರು. ಕರ್ನಾಟಕ ಲೇಖಕಿಯರ ಸಂಘ ಕೊಡುವ ‘ಅನುಪಮಾ ಪ್ರಶಸ್ತಿ’ ಅವರ ಹೆಸರನ್ನು ಉಳಿಸಿದೆ.

ಇನ್ನೂ ಮುಗಿಯದ ಕೆಲಸ

ಅವರು ಹೋದ ಮೇಲೆ ಕಾಲ ಬಹಳ ಬದಲಾಗಿದೆ. ಶಿಶುಮರಣ 2020ರ ಹೊತ್ತಿಗೆ 1,000ಕ್ಕೆ 28ಕ್ಕೆ ಇಳಿಯಿತು. ಭೇದಿ ತರುವ ರೋಟಾ ವೈರಸ್ ವಿರುದ್ಧ 6, 10, 14ನೆಯ ವಾರಗಳಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಹನಿ ಸಿಗುತ್ತದೆ. 2015ರಿಂದ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಮಾತ್ರೆ ಕೊಡುತ್ತಾರೆ. ಅಂಗಡಿಯಲ್ಲಿ ಓಆರ್‌ಎಸ್ ಹೆಸರು ಹೊತ್ತ ಸಿಹಿ ಪಾನೀಯಗಳೂ ಬಂದವು. ಸಕ್ಕರೆ ಹೆಚ್ಚಿರುವ ಅವು ಭೇದಿಯನ್ನು ಹೆಚ್ಚಿಸಬಲ್ಲವು. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಔಷಧದಂಗಡಿಯಲ್ಲಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯೇ ಎಂದು ನೋಡಿಕೊಳ್ಳಬೇಕು.

ಮದ್ದು ಹತ್ತಿರ ಬಂದಿದೆ. ಆದರೆ ಭೇದಿಯಾದ ಮಗುವಿನ ಬಾಯಿಂದ ಹಾಲು ತಪ್ಪಿಸುವ ಕೈ ಕಡೂರಿನಲ್ಲೂ ಇದೆ, ಕಬ್ಬಿಣಾಂಶದ ಮಾತ್ರೆಯನ್ನು ಬಚ್ಚಿಡುವ ಸೊಸೆ ತರೀಕೆರೆಯಲ್ಲೂ ಇದ್ದಾಳೆ, ಬಾಣಂತಿಗೆ ನೀರು ಅಳೆದು ಕೊಡುವ ಮನೆ ಅಜ್ಜಂಪುರದಲ್ಲೂ ಇದೆ. ಇವರನ್ನು ಗದರಿಸಿ ಫಲವಿಲ್ಲ. ಅಜ್ಜಿಯ ಪ್ರೀತಿಗೆ ಮರ್ಯಾದೆ ಕೊಟ್ಟು, ತಾಯಿಯ ಪಕ್ಕದಲ್ಲಿ ಕುಳಿತು, ಅವರ ಮಾತಿನಲ್ಲೇ ಕಾರಣ ಸಹಿತ ಹೇಳಬೇಕು. ತೀರ್ಥಹಳ್ಳಿಯ ವೆಂಕಟಲಕ್ಷ್ಮಿ ಡಾ. ಅನುಪಮಾ ನಿರಂಜನರಾಗಿ ತಮ್ಮ ಪುಸ್ತಕಗಳ ಮೂಲಕ ಮಾಡಿದ್ದು ಇದನ್ನೇ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಅವರ ಹಳೆಯ ಪುಸ್ತಕವೊಂದು ಸಿಕ್ಕರೆ ಕೈಗೆತ್ತಿಕೊಳ್ಳಿ. ಔಷಧದ ವಿವರಗಳನ್ನು ಇಂದಿನ ವೈದ್ಯರಿಂದ ಕೇಳಿ ತಿಳಿಯಿರಿ. ತಾಯಿಗೆ ಹೇಳುವ ಬಗೆಯನ್ನು ಅವರಿಂದ ಕಲಿಯಿರಿ. ಹಾಗೆಯೇ ಇಂದು ಸಂಜೆ ಒಂದು ಕೆಲಸ ಮಾಡಿ: ಎರಡು ಪೊಟ್ಟಣ ಓಆರ್‌ಎಸ್ ತಂದು ಅಡುಗೆಮನೆಯ ಗೂಡಿನಲ್ಲಿಡಿ, ಅದನ್ನು ಕದಡುವ ಕ್ರಮವನ್ನು ಮನೆಯ ಎಲ್ಲರಿಗೂ, ಗಂಡಸರಿಗೂ ಸೇರಿದಂತೆ, ಒಮ್ಮೆ ಹೇಳಿಕೊಡಿ. ರಾತ್ರಿ ಹತ್ತು ಗಂಟೆಗೆ ಅದು ಬೇಕಾಗಬಹುದು.